ಬಿಂದುಮಾಧವನ ಬೋಳುತಲೆಗೆ ದ್ರಾಕ್ಷಿ ಔಷಧ

ಬಿಂದುಮಾಧವನಿಗೆ ಮೂವತ್ತಾರು ವರ್ಷ, ನಾಸಿಕ್‌ನ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ, ಬಾಗಲಕೋಟೆಯ ಒಳ್ಳೆಯ ಮನೆತನ. ಇಷ್ಟೆಲ್ಲ ಇದ್ದೂ ನಾಲ್ವರು ಹುಡುಗಿಯರು ಒಲ್ಲೆ ಎಂದಿದ್ದರು. ಕಾರಣ, ನಡುನೆತ್ತಿಯಲ್ಲಿ ಹುಡುಕಿದರೂ ಒಂದೆಳೆ ಕೂದಲಿರಲಿಲ್ಲ. ಐದನೆಯವಳು ಮಧುರಾ, ಸಂಭಾಜಿನಗರದ ಲ್ಯಾಬಿನಲ್ಲಿ ಸಂಶೋಧಕಿ, ಈ ಭಾನುವಾರ ಸಂಜೆ ಕಿಟ್ಟಣ್ಣನ ಹೋಟೆಲಿಗೆ ಬರುವವಳಿದ್ದಳು. ಅವಳ ಫೋಟೋಕ್ಕೇ ಇವನು ಮನಸೋತಿದ್ದ. ಇವಳೂ ಒಲ್ಲೆ ಎಂದರೆ ಗತಿಯೇನು ಎಂದು ಅವನಿಗೆ ಒಂದೇ ಸಂಕಟ.

ಆ ಭಾನುವಾರ ಬೆಳಿಗ್ಗೆ, ಡಾಕ್ಟರು ಕೊಟ್ಟ ಸೀರಮ್ ತಲೆಗೆ ತಿಕ್ಕಿಕೊಳ್ಳುತ್ತಿದ್ದಾಗ ಪಕ್ಕದ ಮನೆಯ ಮಹಾದೇವಪ್ಪನವರು ಕರೆಯದೆಯೇ ಒಳಗೆ ಬಂದರು.

"ಏನ್ರಿ ಅದು, ಸಾಹೇಬ್ರ?"

"ಇದರಾಗಿನ ಅಣು ಕೂದಲಿನ ಬೇರಿಗೆ ಹೋಗಿ, 'ಜೀವಕೋಶಾ, ಒಡದು ಎರಡಾಗು' ಅಂತ ಹೇಳ್ತದಂತ್ರಿ. ಆರು ತಿಂಗಳು ಬೇಕಂತ."

"ಆರು ತಿಂಗಳಾ? ಹುಡುಗಿ ಬರೂದು ಸಂಜೀಕ!" ಮಹಾದೇವಪ್ಪನವರು ಹಣೆ ಬಡಿದುಕೊಂಡರು. "ದಿಂಡೋರಿ ತೋಟದಾಗ ದ್ರಾಕ್ಷಿ ಗೊನಿ ಔಷಧದಾಗ ಅದ್ದೂದು ನೋಡೀರಿಲ್ಲೊ? ಅದೂ ಕೋಶ ಒಡಿಯೋದ. ದ್ರಾಕ್ಷಿ ಹೆಂಗ ಉಬ್ಬತಾವ! ನಮ್ಮ ಟೆರೇಸಿನ ಬಳ್ಳಿಗೆ ತಂದದ್ದು ಅರ್ಧ ಬಾಟ್ಲಿ ಉಳದದ. ಸಂಜೀಕ ಒಂದೀಟು ಚಿಗುರು ಕಂಡ್ರೂ ಸಾಕಲ್ಲ?"

ದಿಂಡೋರಿಯ ತೋಟಗಳಲ್ಲಿ ಬಿಂದುಮಾಧವ ಅದನ್ನು ಕಣ್ಣಾರೆ ಕಂಡವನೇ. ವಿನಾಶಕಾಲೇ ವಿಪರೀತಬುದ್ಧಿ! ಔಷಧವನ್ನು ಬೋಗುಣಿಗೆ ಸುರಿದು, ಗೊನೆ ಅದ್ದಿದಂತೆ ತಲೆ ಅದ್ದಿಯೇಬಿಟ್ಟ.

ಹನ್ನೊಂದಕ್ಕೆ ತುರಿಕೆ, ಒಂದಕ್ಕೆ ಉರಿ. ಮೂರರ ಹೊತ್ತಿಗೆ ನೆತ್ತಿಯ ತುಂಬ ಕೆಂಪು ಗುಳ್ಳೆ.

"ಉಬ್ಬೇದ ನೋಡ್ರಿ! ಔಷಧ ಖರೇನ ಅದ," ಎಂದರು ಮಹಾದೇವಪ್ಪನವರು.

ಅವರ ಹೆಂಡತಿ ಅಲಕಾ ವಹಿನಿ ಗಂಡನನ್ನು ಬೈದು, ಗಣಪತಿ ಹಬ್ಬದ ನಾಟಕದ ವಿಗ್ ತಂದು ಬಿಂದುಮಾಧವನ ತಲೆಗೆ ಒತ್ತಿ ಕಳಿಸಿದರು.

ಹೋಟೆಲಿನಲ್ಲಿ ಅವನನ್ನು ಕಂಡದ್ದೇ ಮಧುರಾಳ ಮುಖ ಸಪ್ಪಗಾಯಿತು.

"ಫೋಟೋದಾಗ ತಲಿ ಬೋಳಿತ್ತಲ್ರಿ?"

"ಅದು... ಹಳೇ ಫೋಟೋರಿ."

"ನಾ ಅದನ್ನ ನೋಡೇ ಬಂದೇನ್ರಿ. ನಮ್ಮ ಲ್ಯಾಬಿನ್ಯಾಗ ಕ್ಯಾನ್ಸರ್ ಕೋಶ ಒಡಿಯೋದನ್ನ ನಿಲ್ಲಸೋ ಅಣು ಹುಡುಕ್ತೀವಿ. ಅಂಥಾ ಔಷಧದಿಂದನ ನಮ್ಮಪ್ಪಗ ಕೂದಲೆಲ್ಲ ಉದುರಿದ್ವು, ಆದ್ರ ಜೀವ ಉಳೀತು. ಅವತ್ತಿನಿಂದ ಬೋಳ ತಲಿ ಕಂಡ್ರ ನನಗ ಭಾಳ ಪ್ರೀತಿ."

ಬಿಂದುಮಾಧವನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಹಂಗಾರ ನೋಡ್ರಿ!" ಎಂದು ವಿಗ್ ಕಿತ್ತೆಸೆದ. ಅದು ಹೋಗಿ ಸಾಂಬಾರಿನ ಬಕೆಟ್ಟಿಗೆ ಬಿತ್ತು.

"ಅಯ್ಯೋ, ನನ್ನ ಸಾಂಬಾರು ಮಾರಾಯ್ರೇ!" ಎಂದು ಕಿಟ್ಟಣ್ಣ ಓಡಿ ಬಂದ.

ಮಧುರಾ ಗುಳ್ಳೆಗಳನ್ನು ಬಗ್ಗಿ ನೋಡಿದಳು. "ಏನ್ ಹಚ್ಚೀರಿ ಇದಕ್ಕ?"

ಪ್ರೀತಿಸುವವಳ ಮುಂದೆ ಸುಳ್ಳೇಕೆ ಎಂದು ಬಿಂದುಮಾಧವ ಬೋಗುಣಿಯ ಕತೆಯನ್ನೆಲ್ಲ ಹೇಳಿದ. ಮಧುರಾ ಪರ್ಸ್ ಎತ್ತಿಕೊಂಡು ಎದ್ದಳು.

"ತಲಿ ಮ್ಯಾಲೆ ಏನೂ ಇರದಿದ್ರ ನಡೀತಿತ್ರಿ. ಒಳಗರೆ ಒಂದೀಟು ಇರಬೇಕಲ್ಲ?"