ಶುಕ್ರವಾರದ ಆನೆಮರಿ

ಮಕ್ಕಳಿಗೆ ಬರೆಯಲು ಕಲಿಸುವುದು ಸುಲಭ ಎಂದು ಯಾರಾದರೂ ಹೇಳಿದರೆ, ಅವರು ಅಕ್ಷರ ತಿದ್ದಿಸುವ ಮಾತಾಡುತ್ತಿದ್ದಾರೆ ಎಂದು ತಿಳಿಯಿರಿ. ಅಕ್ಷರ ತಿದ್ದಿಸುವುದೇನು ಮಹಾ! ಕೈ ಹಿಡಿದು ಉಜ್ಜಿಸಿದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದಾಚೆಗೆ. ಅಕ್ಷರ ಕೈಗೆ ಹತ್ತಿದ ಮಗುವನ್ನು ಕೂರಿಸಿಕೊಂಡು, "ಪುಟ್ಟಾ, ನೀನು ಕಂಡದ್ದನ್ನ ಕಂಡ ಹಾಗೆ ಬರಿ" ಎಂದು ಹೇಳಿ ನೋಡಿ. ಅದು ಏನೇನು ಕಂಡಿದೆ ಎನ್ನುವುದು ನಮಗೆ ಗೊತ್ತಿರುವುದಿಲ್ಲವಲ್ಲ, ತಾಪತ್ರಯ ಇರುವುದೇ ಅಲ್ಲಿ. ಈ ಮಾತನ್ನು ನಾನು ಶಿಕ್ಷಕರ ತರಬೇತಿಯಲ್ಲಿ ಕಲಿಯಲಿಲ್ಲ. ಸ್ಲೇಟು ಹಿಡಿದ ಒಂದು ಹೆಣ್ಣುಮಗುವಿನಿಂದ ಕಲಿತೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಆಗ ನರಸೀಪುರದಾಚೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಹಳ್ಳಿಯ ಹೆಸರು ಹೇಳುವುದಿಲ್ಲ, ಅಲ್ಲಿಯವರು ನನ್ನನ್ನು ಇನ್ನೂ ಮರೆತಿಲ್ಲ. ಮನೆ ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ಬೆಳಿಗ್ಗೆ ಎದ್ದು ಬಸ್ಸು ಹಿಡಿದು, ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಭತ್ತದ ಗದ್ದೆ, ಕಬ್ಬಿನ ಗದ್ದೆ ದಾಟಿ ಹೋಗಬೇಕು. ಸಾಯಂಕಾಲ ಅದೇ ದಾರಿಯಲ್ಲಿ ವಾಪಸ್ಸು. ಆ ಬಸ್ಸುಗಳನ್ನು ಬೈಯದೆ ನಾನು ಒಂದು ದಿನವೂ ಊಟ ಮಾಡಿದವಳಲ್ಲ. "ಸೊಂಟ ಬಿದ್ದುಹೋಯ್ತು, ಜೀವ ಹೋಯ್ತು, ಈ ಜನ್ಮಕ್ಕೆ ಸಾಕು" ಎಂದು ನಾನು ಗೋಳಾಡುವುದನ್ನು ಕೇಳಿ ಕೇಳಿ ನಮ್ಮವರೇ ಒಂದು ದಿನ ನಂಜನಗೂಡಿಗೆ ವರ್ಗ ಕೇಳಿ ಅರ್ಜಿ ಬರೆದು, ನನ್ನ ಸಹಿ ಹಾಕಿಸಿ, ಕಳಿಸಿಯೇಬಿಟ್ಟರು. ಸ್ಕೂಲ್ ಇನ್ಸ್‌ಪೆಕ್ಟರು ಪಾಠ ನೋಡಿ ಒಂದು ಒಳ್ಳೆಯ ಮಾತು ಬರೆದರೆ ಕೆಲಸ ಆದ ಹಾಗೆಯೇ ಎಂದು ಆಫೀಸಿನವರು ಹೇಳಿದ್ದರಂತೆ.

ಎಲ್ಲರಿಗಿಂತ ಖುಷಿಯಾದದ್ದು ನಮ್ಮತ್ತೆಗೆ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ ಇರುವುದೆಂದರೆ ಏನು ಎಂದು ಅಲ್ಲಿದ್ದವರಿಗೇ ಗೊತ್ತು. ಯಾರಿಗೋ ಮದುವೆ ನಿಶ್ಚಯವಾದರೆ ಉರುಳುಸೇವೆ, ಯಾರಿಗೋ ಮಗು ಹುಟ್ಟಿದರೆ ಮುಡಿ, ಯಾರಿಗೋ ಹೊಟ್ಟೆನೋವು ವಾಸಿಯಾದರೆ ತುಲಾಭಾರ. ಸೇವೆ ಮಾತ್ರ ದೇವರಿಗೆ, ಊಟ ನಮ್ಮ ಮನೆಯಲ್ಲಿ. ನಮ್ಮ ಮಾವನವರ ಚಿಕ್ಕಪ್ಪನ ಷಡ್ಡಕನ ಕಡೆಯವರು ಎಂದು ಹೇಳಿಕೊಂಡು ಬಂದವರೂ ಹಜಾರದಲ್ಲಿ ಒದ್ದೆ ಪಂಚೆ ಹರವಿ ಹೋಗಿದ್ದಾರೆ. ಅರ್ಜಿ ಹೋದ ದಿನ ಅತ್ತೆ ಹೇಳಿದರು: "ಸದ್ಯ, ನಂಜುಂಡ ಕಣ್ಬಿಟ್ಟ ಕಣೇ. ಊರಲ್ಲೇ ಸ್ಕೂಲಾದ್ರೆ ಮಧ್ಯಾಹ್ನ ಬಂದು ಒಂದು ಪಂಕ್ತಿ ಬಡಿಸಿ ಮತ್ತೆ ಹೋಗಬಹುದು. ಸಾಯಂಕಾಲ ಬೇಗ ಬಂದ್ರೆ ತಿಂಡಿಗೂ ಆಗತ್ತೆ." ನಾನೂ "ಹೌದತ್ತೆ" ಎಂದೆ. ಆಗ ನನಗೆ ಬಸ್ಸಿನ ಕಾಟ ತಪ್ಪಿದರೆ ಸಾಕಾಗಿತ್ತು, ಬೇರೆ ಯಾವುದೂ ತಲೆಗೆ ಹೋಗಲಿಲ್ಲ.

ಇನ್ನು ನಮ್ಮ ಸ್ಕೂಲಿನ ವಿಷಯ. ಅಲ್ಲಿ ಬರೆಯುವುದು ಎಂದರೆ ಬಾಯಿಪಾಠ ಮಾಡಿದ್ದನ್ನು ಇಳಿಸುವುದು. 'ನಮ್ಮ ಶಾಲೆ' ಎಂಬ ಪ್ರಬಂಧ ಎಲ್ಲ ಮಕ್ಕಳಿಗೂ ನೀರು ಕುಡಿದಷ್ಟು ಸಲೀಸು. "ನಮ್ಮ ಶಾಲೆಯ ಮುಂದೆ ಸುಂದರವಾದ ಹೂದೋಟವಿದೆ. ಅದರಲ್ಲಿ ಬಗೆಬಗೆಯ ಹೂಗಳು ಅರಳಿ ನಗುತ್ತಿವೆ." ನಮ್ಮ ಶಾಲೆಯ ಮುಂದೆ ಇದ್ದದ್ದು ಗೊಬ್ಬರದ ಗುಂಡಿ. ಮಕ್ಕಳು ದಿನಾ ಮೂಗು ಮುಚ್ಚಿಕೊಂಡು ಅದನ್ನು ದಾಟಿ ಒಳಗೆ ಬಂದು, ಕೂತು, ಹೂದೋಟ ಬರೆಯುತ್ತಿದ್ದವು. ಒಂದು ಮಗುವಿಗೂ ಅನುಮಾನ ಬಂದದ್ದಿಲ್ಲ.

ಹೆಡ್‌ಮೇಷ್ಟ್ರು ಮಹದೇವಪ್ಪನವರು ಒಳ್ಳೆಯವರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ವಲ್ಲಿ, ಬಾಯಲ್ಲಿ ಸದಾ "ಶಿವಾ, ಶಿವಾ". ಅವರ ಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಮಕ್ಕಳಿಗಾಗಿ ಬಂದ ಬಣ್ಣದ ಚಿತ್ರದ ಪುಸ್ತಕಗಳು. ಮೇಲೆ ಹಳದಿ ಬಟ್ಟೆ, ಅದರ ಮೇಲೆ ಬೀಗ. ವರ್ಷಕ್ಕೊಂದು ಸಲ ಸರಸ್ವತಿ ಪೂಜೆಗೆ ತೆಗೆದು, ಒಂದೊಂದರ ಮೇಲೂ ವಿಭೂತಿ, ಕುಂಕುಮ ಇಟ್ಟು, ಮಂಗಳಾರತಿ ಎತ್ತಿ, ಮಕ್ಕಳಿಂದ ಅಡ್ಡ ಬೀಳಿಸಿ, ತಿರುಗಿ ಬೀಗ ಹಾಕುತ್ತಿದ್ದರು. ಓದಲು ಕೊಡಿ ಎಂದರೆ ಗಾಬರಿ. "ಮುಟ್ಟಿದ್ರೆ ಪುಟ ಅರೀತದೆ ಕಣಮ್ಮ. ಅರಿದ್ರೆ ನಾನು ರಿಟೈರಾಗುವಾಗ ಚಾರ್ಜು ಯಾವ ಮೊಖ ಇಟ್ಕೊಂಡು ಕೊಡ್ಲಿ?" ಎನ್ನುತ್ತಿದ್ದರು. ನಾನು ಕೇಳಿ ಕೇಳಿ ಸೋತೆ. ಕೊನೆಗೆ ಒಂದು ದಿನ ಏನೋ ಹೊಳೆದು, "ಸಾರ್, ಸರಸ್ವತಿಗೆ ವರ್ಷಕ್ಕೊಂದೇ ಪೂಜೆ ಅಂದ್ರೆ ಅಪಚಾರ ಅಲ್ವಾ? ನಮ್ಮ ನಂಜನಗೂಡಲ್ಲಿ ದಿನಾ ನಡೆಯತ್ತೆ. ಶುಕ್ರವಾರಕ್ಕೊಂದಾದರೂ ಮಾಡಬಾರದಾ?" ಎಂದೆ. ನಂಜನಗೂಡಿನವಳು, ಅದರಲ್ಲೂ ದೇವಸ್ಥಾನದ ಹಿಂದಿನ ಬೀದಿಯವಳು ಹೇಳಿದ್ದು. ಅವರಿಗೆ ಇಲ್ಲವೆನ್ನಲು ಆಗಲಿಲ್ಲ. "ಶಿವಾ" ಎಂದು ಸೊಂಟದ ಉಡುದಾರದಿಂದ ಬೀಗದಕೈ ಬಿಚ್ಚಿದರು.

ಹೀಗೆ ನಮ್ಮ ಸ್ಕೂಲಿನಲ್ಲಿ ಶುಕ್ರವಾರದ ಪೂಜೆ ಶುರುವಾಯಿತು. ಮಕ್ಕಳು ಕೈಕಾಲು ತೊಳೆದು ಸಾಲಾಗಿ ಕೂರಬೇಕು. ಮೇಷ್ಟ್ರು ಮಂಗಳಾರತಿ ಎತ್ತಬೇಕು. ಆಮೇಲೆ ಪ್ರಸಾದ ಕೊಡುವ ಹಾಗೆ ಪುಸ್ತಕ ಕೊಡಬೇಕು. ಎಲ್ಲರಿಗೂ ಬಲು ಇಷ್ಟವಾದದ್ದು ಒಂದು ಆನೆಮರಿಯ ಪುಸ್ತಕ. ಆನೆಮರಿ ಬಾಗಿಲಲ್ಲಿ ನಿಂತು ಬೀದಿ ನೋಡುತ್ತದೆ, ಅಷ್ಟೇ ಕತೆ. "ಬೆಕ್ಕು ಗೋಡೆ ಹತ್ತಿತು. ಹಾಲಿನ ಪಾತ್ರೆ ನೋಡಿತು. ಇಳಿದು ಹೋಯಿತು. ಯಾಕಿರಬಹುದು?" ಪುಟಪುಟಕ್ಕೂ ಹೀಗೆ ಮೂರ್ನಾಲ್ಕು ಪುಟ್ಟ ವಾಕ್ಯ, ಕೊನೆಗೊಂದು 'ಯಾಕಿರಬಹುದು?' ನನಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು ಬೇಕು? "ನೀವೂ ಆನೆಮರಿ ಥರಾನೇ ನೋಡಿ, ನೋಡಿದ್ದನ್ನ ಮುಂದಿನ ಶುಕ್ರವಾರಕ್ಕೆ ಸ್ಲೇಟಲ್ಲಿ ಬರ್ಕೊಂಡು ಬನ್ನಿ" ಎಂದೆ. ಮೊದಲ ವಾರ ಎಲ್ಲ ಮಕ್ಕಳೂ ಆನೆಯನ್ನೇ ಬರೆದವು. ಆಮೇಲೆ ಒಂದು ನಾಯಿ ಬಂತು, ಒಂದು ಕೋಳಿ ಬಂತು. ಹೂದೋಟ ನಿಧಾನವಾಗಿ ಮಾಯವಾಗಿ ಗೊಬ್ಬರದ ಗುಂಡಿ ಕಾಣಿಸಿಕೊಂಡಿತು. ನನ್ನ ಸಂತೋಷ ಹೇಳತೀರದು.

ಆ ಸಂತೋಷಕ್ಕೆ ನೀರು ಬಿದ್ದದ್ದು ನಾಲ್ಕನೇ ಕ್ಲಾಸಿನ ಚಿಕ್ಕತಾಯಿಯಿಂದ. ಗಟ್ಟಿ ಜಡೆ, ದೊಡ್ಡ ಕಣ್ಣು, ಮಾತು ಕಡಿಮೆ. ಅವಳ ತಾಯಿ ಗೌರಮ್ಮ ಊರಿಗೆಲ್ಲ ಹಾಲು ಕೊಡುವವಳು. ಒಂದು ಶುಕ್ರವಾರ ಮಹದೇವಪ್ಪನವರು ಪೂಜೆ ಮುಗಿಸಿ ಸಂತೋಷವಾಗಿ ಅವಳ ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದರು: "ಅವ್ವ ಹಾಲು ಕರೆದಳು. ಒಂದು ಚೊಂಬು ನೀರು ಹಾಕಿದಳು. ಇದು ಹೆಡ್‌ಮೇಷ್ಟ್ರ ಮನೆಗೆ ಅಂದಳು. ಯಾಕಿರಬಹುದು?" ಓದಿ ಮುಗಿಸಿದ ಮೇಲೆಯೇ ಅವರಿಗೆ ಅರ್ಥವಾದದ್ದು. "ಶಿವಾ" ಎಂದು ಸ್ಲೇಟನ್ನು ಮೆಲ್ಲಗೆ ಕೆಳಗಿಟ್ಟರು.

ಮಾರನೆಯ ದಿನ ಅವರ ಮನೆಯಿಂದ ಹಾಲು ವಾಪಸ್ಸು ಹೋಯಿತು. ಅದರ ಹಿಂದೆಯೇ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕೂಲಿಗೆ ಬಂದಳು. "ಏನವ್ವಾ ಟೀಚರಮ್ಮ, ಐಕಳಿಗೆ ಅಕ್ಸರ ಕಲ್ಸಿ ಅಂತ ಕಳಿಸುದ್ರೆ ಚಾಡಿ ಏಳಾದು ಕಲ್ಸಿದ್ದೀಯಲ್ಲ! ನಮ್ಮನೆ ಆಲಿಗೂ ನಿಮ್ಮ ಆನೆಗೂ ಏನವ್ವ ಸಂಬಂಧ? ನಿಮ್ಮನೇಲಿ ಆನೆ ಸಾಕ್ಕಂಡಿದ್ರೆ ಗೊತ್ತಾಯ್ತಿತ್ತು!" ಹಾಲಿಗೆ ನೀರು ಹಾಕಿದ್ದು ತಪ್ಪಲ್ಲವೇ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಅವಳ ಕೈ ಬಳೆಗಳ ಸದ್ದಿಗೇ ನಾನು ಅರ್ಧ ಸೋತಿದ್ದೆ. ಅವಳು ಹೋದ ಮೇಲೆ ಮಹದೇವಪ್ಪನವರು ಕರೆದು, "ನೋಡಮ್ಮ, ಆನೆ ಇರ್ಲಿ. ಮನೆ ಒಳಗಿನ ಸುದ್ದಿ ಬ್ಯಾಡ. ಬೀದೀಲಿ ಕಂಡದ್ದ ಬರ್ಸು. ಬೀದಿ ಯಾರಪ್ಪಂದೂ ಅಲ್ಲ" ಎಂದರು. ಎಷ್ಟು ಸರಿಯಾದ ಮಾತು! ನಾನು ಹಾಗೆಯೇ ಮಾಡಿದೆ. ಬೀದಿಯಲ್ಲಿ ಬಸ್ಸೂ ಬರುತ್ತದೆ, ಬಸ್ಸಿನಿಂದ ನಾನೂ ಇಳಿಯುತ್ತೇನೆ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇನ್ಸ್‌ಪೆಕ್ಟರು ಬಂದದ್ದು ಒಂದು ಶುಕ್ರವಾರ, ಹೇಳದೆ ಕೇಳದೆ, ಸರಿಯಾಗಿ ಮಂಗಳಾರತಿಯ ಹೊತ್ತಿಗೆ. ಮೇಜಿನ ಮೇಲೆ ಆನೆಮರಿ, ಹಣೆಗೆ ಕುಂಕುಮ, ಮುಂದೆ ಕರ್ಪೂರ. ಮಕ್ಕಳೆಲ್ಲ ಕೈಮುಗಿದು ನಿಂತಿವೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಆರತಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಾವು ಇನ್ಸ್‌ಪೆಕ್ಟರು ಎನ್ನುವುದು ಜ್ಞಾಪಕಕ್ಕೆ ಬಂದು, "ಏನ್ರೀ ಇದು?" ಎಂದರು. ಮಹದೇವಪ್ಪನವರು ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ನನಗಂತೂ ನಂಜನಗೂಡು ಕೈ ಬಿಟ್ಟು ಹೋದದ್ದು ಕಣ್ಣೆದುರೇ ಕಂಡಿತು. "ಪುಸ್ತಕ ಪೂಜೆ ಸಾರ್, ಆಮೇಲೆ ಓದ್ತೇವೆ" ಎಂದು ಹೇಗೋ ಹೇಳಿದೆ.

ಅವರು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮಹದೇವಪ್ಪನವರು ಹೆಗಲ ಮೇಲಿನ ವಲ್ಲಿಯನ್ನು ಬಿಂದಿಗೆಯಲ್ಲಿ ಅದ್ದಿ, ಯಾವ ಸ್ಲೇಟಿನಲ್ಲಿ ಯಾರ ಮನೆಯ ಹಾಲಿದೆಯೋ ಎಂದು, ಸಾಲಿನ ಮೇಲೆ ಸಾಲು ಸ್ಲೇಟು ಒರೆಸುತ್ತಾ ಹೊರಟರು. ಚಿಕ್ಕತಾಯಿ ಮಾತ್ರ ತನ್ನ ಸ್ಲೇಟಿನ ಮೇಲೆಯೇ ಕೂತುಬಿಟ್ಟಳು. ಹೆಡ್‌ಮೇಷ್ಟ್ರು ಕಣ್ಣು ಬಿಟ್ಟರೂ ಏಳಲಿಲ್ಲ. ಇನ್ಸ್‌ಪೆಕ್ಟರು 'ನಮ್ಮ ಶಾಲೆ' ಹೇಳಿಸಿದರು. ನಮಗೆ ಹೋದ ಜೀವ ಬಂತು. ಮಕ್ಕಳು ಒಂದೇ ರಾಗದಲ್ಲಿ ಹೂದೋಟ ಅರಳಿಸಿದವು. ಅವರು ಕಿಟಕಿಯಾಚೆ ಗೊಬ್ಬರದ ಗುಂಡಿ ನೋಡಿ, "ಎಲ್ಲಮ್ಮಾ ಹೂದೋಟ?" ಎಂದು ಮುಂದಿನ ಸಾಲಿನ ಚಿಕ್ಕತಾಯಿಯನ್ನು ಕೇಳಿದರು.

"ತ್ವಾಟ ಇಲ್ಲ ಸಾ. ಅದು ಬಾಯಿಪಾಟ."

"ಮತ್ತೆ ನಿಜವಾದ್ದು?"

"ನಿಜವಾದ್ದು ಸ್ಲೇಟಲ್ಲಿ ಅದೆ ಸಾ" ಎಂದು ಎದ್ದು, ಸ್ಲೇಟು ತೆಗೆದು, ಲಂಗಕ್ಕೆ ಅಂಟಿದ್ದ ಬಳಪದ ಪುಡಿ ಕೊಡವಿ, ಓದಿದಳು: "ಬೆಳಿಗ್ಗೆ ಬಸ್ಸು ಬರುತ್ತದೆ. ಟೀಚರಮ್ಮ ಇಳಿಯುತ್ತಾರೆ. ನಗುತ್ತಾರೆ. ಕಾಲುವೆ ಏರಿ ಮೇಲೆ ಹಾಡಿಕೊಂಡು ಬರುತ್ತಾರೆ. ಸಾಯಂಕಾಲ ಬಸ್ಸು ಬರುತ್ತದೆ. ಟೀಚರಮ್ಮ ಹತ್ತುತ್ತಾರೆ. ಆಗ ನಗುವುದಿಲ್ಲ. ಯಾಕಿರಬಹುದು?"

ನನ್ನ ಕಿವಿ ಬಿಸಿಯಾಯಿತು. ನಾನು ಹಾಡುತ್ತೇನೆಯೇ? ಯಾವ ಹಾಡು? ನನಗೇ ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರು ಆ ಸ್ಲೇಟನ್ನು ಕೈಗೆ ತೆಗೆದುಕೊಂಡು ತಾವೇ ಇನ್ನೊಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಇಷ್ಟು ವರ್ಷದಲ್ಲಿ ಯಾವ ಸ್ಕೂಲಿಗೆ ಹೋದರೂ ಹೂದೋಟ ಕೇಳಿ ಕೇಳಿ ಸಾಕಾಗಿತ್ತು ಮೇಷ್ಟ್ರೇ" ಎಂದು ಮಹದೇವಪ್ಪನವರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಏನಮ್ಮಾ, ಇಲ್ಲಿ ಕಷ್ಟ, ನಂಜನಗೂಡಿಗೆ ವರ್ಗ ಕೊಡಿ ಅಂತ ನಿಮ್ಮ ಅರ್ಜಿ ಹೇಳತ್ತೆ. ಈ ಮಗು ಬೇರೆ ಹೇಳತ್ತೆ. ನಾನು ಯಾರನ್ನ ನಂಬಲಿ?"

ನಾನು ಬಾಯಿ ತೆರೆದೆ. ಸೊಂಟನೋವು, ಎರಡು ಬಸ್ಸು, ಧೂಳು, ಎಲ್ಲವನ್ನೂ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ನಮ್ಮ ಹಜಾರ, ಒದ್ದೆ ಪಂಚೆ, ಮಧ್ಯಾಹ್ನದ ಪಂಕ್ತಿ, ಸಾಯಂಕಾಲದ ತಿಂಡಿ, ಒಂದರ ಹಿಂದೊಂದು ಕಣ್ಣೆದುರು ಬಂದು ನಿಂತವು. ನನ್ನ ಬಾಯಿಂದ ಹೊರಟದ್ದು, "ಮಗು ಸುಳ್ಳು ಹೇಳಲ್ಲ ಸಾರ್" ಎಂಬ ಮಾತು. "ಸರಿ ಹಾಗಾದ್ರೆ. ಇಂಥ ಟೀಚರನ್ನ ಈ ಹಳ್ಳಿ ಬಿಟ್ಟುಕೊಡಬಾರದು ಅಂತ ಬರೀತೀನಿ" ಎಂದು ಅವರು ಎದ್ದರು. ಮಹದೇವಪ್ಪನವರು ಒದ್ದೆ ವಲ್ಲಿಯಲ್ಲೇ ಮುಖ ಒರೆಸಿಕೊಂಡು, ತಾವಾಗಿಯೇ ಬೀಗದಕೈ ತಂದು ನನ್ನ ಕೈಗೆ ಹಾಕಿ, "ಅರಿದ್ರೆ ಅರೀಲಿ ಬಿಡಮ್ಮ, ಅಂಟಿಸ್ಕಂಡ್ರಾಯ್ತು" ಎಂದರು. ಚಿಕ್ಕತಾಯಿ ಆಗಲೇ ಸ್ಲೇಟು ಒರೆಸಿ ಬೇರೆ ಏನೋ ಬರೆಯತೊಡಗಿದ್ದಳು. ನಾನು ಬಗ್ಗಿ ನೋಡುವ ಧೈರ್ಯ ಮಾಡಲಿಲ್ಲ.

ಆ ಸಾಯಂಕಾಲ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಅಬ್ಬ, ಎಂಥ ನಿರಾಳ! ನಂಜನಗೂಡು ಬರುವ ತನಕ ಯಾರೂ ಕಾಫಿ ಕೇಳುವುದಿಲ್ಲ, ಯಾರಿಗೂ ಎಲೆ ಹಾಕಬೇಕಿಲ್ಲ, ಯಾರ ಷಡ್ಡಕನ ಕಡೆಯವರನ್ನೂ ಮಾತಾಡಿಸಬೇಕಿಲ್ಲ. ಇಷ್ಟು ವರ್ಷ ಬಾಯ್ತುಂಬ ಬೈದ ಈ ಸೀಟೊಂದೇ ಇಡೀ ದಿನದಲ್ಲಿ ನನ್ನದು ಎನ್ನುವಂಥ ಜಾಗವಾಗಿತ್ತಲ್ಲ! ಟಿಕೆಟ್ ಕೊಡಲು ಬಂದ ಕಂಡಕ್ಟರು ನಿಂತು ನೋಡಿ, "ಏನ್ ಟೀಚರಮ್ಮ, ಇವತ್ತು ವಾಪಸ್ ಓಗುವಾಗ್ಲೂ ನಗ್ತಾ ಇದ್ದೀರಿ?" ಎಂದ. ನನ್ನನ್ನು ನೋಡುವವರು ಎಷ್ಟು ಜನ ಇದ್ದಾರಪ್ಪಾ ಎನ್ನಿಸಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಪಿಲೆಯ ಸೇತುವೆ ಬರುವಷ್ಟರಲ್ಲಿ ಅದನ್ನು ಸಪ್ಪಗೆ ಮಾಡಿಕೊಳ್ಳುವ ಪ್ರಯತ್ನ ಶುರುಮಾಡಿದೆ.

ಮನೆಗೆ ಹೋಗಿ, ಚೀಲ ಮೂಲೆಗೆ ಹಾಕಿ, "ವರ್ಗ ಆಗಲ್ಲ ಅತ್ತೆ, ಇನ್ಸ್‌ಪೆಕ್ಟರು ಬಿಡಲ್ಲ ಅಂದ್ರು, ನನ್ನ ಹಣೇಬರಹ" ಎಂದು ಗೋಡೆಗೊರಗಿ ಕೂತೆ. ನಮ್ಮವರು ಇನ್ಸ್‌ಪೆಕ್ಟರನ್ನು ಬೈದರು. ಅತ್ತೆ "ಪಾಪ, ಎಷ್ಟು ಆಸೆ ಇಟ್ಕೊಂಡಿತ್ತು ಹುಡುಗಿ" ಎಂದು ತಾವೇ ಎದ್ದು ಹೋಗಿ ನನಗೆ ಕಾಫಿ ಮಾಡಿ ತಂದರು. ಆ ಮನೆಗೆ ಬಂದ ಮೇಲೆ ಅವರು ನನಗೆ ಮಾಡಿಕೊಟ್ಟ ಮೊದಲ ಕಾಫಿ ಅದು. ನಾನು ಬಿಕ್ಕುತ್ತಾ ಬಿಕ್ಕುತ್ತಾ ಚಪ್ಪರಿಸಿ ಕುಡಿದೆ. ಯಾಕಿರಬಹುದು ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಸದ್ಯ.