ಹತ್ತನೆಯ ಪ್ರೊಫೆಸರರ ಪಾಠ

ನಮ್ಮ ವಿಭಾಗದಲ್ಲಿ ಗಂಭೀರವಾಗಿ ಶುರುವಾದ ಒಂದು ಕೆಲಸವೂ ಗಂಭೀರವಾಗಿ ಮುಗಿದದ್ದು ನನಗೆ ನೆನಪಿಲ್ಲ. ದೆಹಲಿಯ ಹೌಜ್ ಖಾಸ್ ಕಡೆಯ ಒಂದು ಯೂನಿವರ್ಸಿಟಿ, ಎರಡು ಸಾವಿರದ ಐದಾರರ ಸುಮಾರಿನ ಮಾತು. ಪ್ರೊಫೆಸರರ ಪಾಠಗಳನ್ನು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕುವುದು, ಹಾಗೇ ಅವರಿಗೂ ಒಂದಿಷ್ಟು ಕಂಪ್ಯೂಟರ್ ಕಲಿಸುವುದು ನಮ್ಮ ಕೆಲಸ. ನನ್ನದು ಒಂದು ವರ್ಷದ ಕಾಂಟ್ರ್ಯಾಕ್ಟ್. ಮಾರ್ಚ್ ಮುಗಿಯುವುದರೊಳಗೆ ಹತ್ತು ಪ್ರೊಫೆಸರರ ಪಾಠ ತಯಾರಾಗಿ, ಕಮಿಟಿ ನೋಡಿ ಒಪ್ಪಿದರೆ ಇನ್ನೊಂದು ವರ್ಷ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ನಾನಿದ್ದದ್ದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಅಕ್ಕನ ಮನೆಯಲ್ಲಿ. ಭಾವ ಕೇಂದ್ರ ಸರ್ಕಾರದ ಗುಮಾಸ್ತರು. "ಪರ್ಮನೆಂಟ್ ಅಲ್ಲದ್ದು ನೌಕರಿ ಅಲ್ಲ ಕಣೋ, ನೆಂಟಸ್ತನ. ನಾಲ್ಕು ದಿನ ಇದ್ದು ಬರೋದು" ಅಂತ ದಿನಾ ಊಟಕ್ಕೆ ಕೂತಾಗಲೇ ಹೇಳುವರು. ಆ ಕೆಲಸ ನನಗೆ ಬೇಕೇ ಬೇಕಿತ್ತು.

೧. ಕಲಿತವರು ಯಾರು

ಮೊದಲು ಪ್ರೊಫೆಸರರಿಗೆ ಮೂರು ದಿನದ ಕಂಪ್ಯೂಟರ್ ತರಬೇತಿ ಇಟ್ಟೆವು. ಮೊದಲ ದಿನ ಹದಿನೈದು ಜನ ಬಂದರು, ಪಾಸ್‌ವರ್ಡ್ ಅಂದರೇನು ಅಂತ ಕೇಳಿಸಿಕೊಂಡರು, ಚಹಾ ಕುಡಿದರು, ಹೋದರು. ಎರಡನೆಯ ದಿನ ಅವರ ಜಾಗದಲ್ಲಿ ಹದಿನೈದು ಪಿ.ಎ.ಗಳು ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಟಿ: "ನನ್ನ ಪರವಾಗಿ ಇವರು ಕಲಿಯುತ್ತಾರೆ."

ನಮ್ಮ ಡೈರೆಕ್ಟರ್ ಮೇಡಂ ಹತ್ತಿರ ಓಡಿದೆ. ಅವರು ಕಡತದಿಂದ ತಲೆ ಎತ್ತದೆ, "ಕುರ್ಚಿ ಖಾಲಿ ಇದೆಯಾ?" ಅಂದರು.

"ಇಲ್ಲ ಮೇಡಂ, ಎಲ್ಲ ಭರ್ತಿ."

"ಮತ್ತೇನು? ಚಲೋ, ಶುರು ಮಾಡು."

ಪಿ.ಎ.ಗಳು ಚೆನ್ನಾಗಿಯೇ ಕಲಿತರು, ಸುಳ್ಳು ಹೇಳಬಾರದು. ಕೊನೆಯ ದಿನ ಸರ್ಟಿಫಿಕೇಟು ಮಾತ್ರ ಪ್ರೊಫೆಸರರ ಹೆಸರಿಗೇ ಹೋಯಿತು. ಅಭಿಪ್ರಾಯ ಬರೆಯಲು ಕೊಟ್ಟ ಹಾಳೆಯಲ್ಲಿ ಒಬ್ಬ ಪಿ.ಎ. ದುಂಡಗೆ ಬರೆದಿದ್ದ: "ತರಬೇತಿ ಉತ್ತಮವಾಗಿತ್ತು. ಸಾಹೇಬರಿಗೆ ಎಲ್ಲ ಅರ್ಥವಾಯಿತು."

೨. ಕಡತ ಮುಕ್ತಾಯ

ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಪ್ರಶ್ನೆ ಕೇಳಬೇಕು, ಮೇಷ್ಟ್ರು ಅಲ್ಲೇ ಉತ್ತರಿಸಬೇಕು ಅಂತ ಒಂದು ವ್ಯವಸ್ಥೆ ಮಾಡಿದ್ದೆವು. ಅರ್ಥಶಾಸ್ತ್ರದ ಹಿರಿಯ ಪ್ರೊಫೆಸರರೊಬ್ಬರು ಇದಕ್ಕೆ ತಕ್ಷಣ ಒಪ್ಪಿದರು. ಒಂದೇ ಷರತ್ತು: ಪ್ರಶ್ನೆಗಳನ್ನು ಪ್ರಿಂಟ್ ಮಾಡಿ, ಕಡತದಲ್ಲಿ ಹಾಕಿ, ದಾರ ಕಟ್ಟಿ ಕಳಿಸಬೇಕು. ಅವರು ಕೆಂಪು ಶಾಯಿಯಲ್ಲಿ ಉತ್ತರ ಬರೆದು ವಾಪಸು ಕಳಿಸುವರು. ನಾನು ಅದನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಹಾಕುವುದು.

ಕಡತ ಮೂರು ಮೇಜು ದಾಟಿ ಹೋಗಿ ಮೂರು ಮೇಜು ದಾಟಿ ಬರಬೇಕು. ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ಡಿಸೆಂಬರಿನಲ್ಲಿ ಉತ್ತರ ಬಂತು. "ಧನ್ಯವಾದ ಸರ್, ಪರೀಕ್ಷೆ ಮುಗಿಯಿತು" ಅಂತ ಪಾಪ ಅವಳು ಬರೆದಳು. ನಿಯಮ ನಿಯಮವೇ. ಅದನ್ನೂ ಪ್ರಿಂಟ್ ಮಾಡಿ ಕಳಿಸಿದೆ. ಹದಿನೈದು ದಿನಕ್ಕೆ ಕೆಂಪು ಶಾಯಿ ಬಂತು: "ನೋಡಿದೆ. ಶುಭವಾಗಲಿ. ಕಡತ ಮುಕ್ತಾಯ."

ಇದನ್ನು ಹೇಳಿದಾಗ ಭಾವನಿಗೆ ಮೊದಲ ಸಲ ನನ್ನ ಆಫೀಸಿನ ಮೇಲೆ ಗೌರವ ಹುಟ್ಟಿತು. "ಅಚ್ಛಾ, ಹಾಗಾದ್ರೆ ಅಲ್ಲೂ ಕೆಲಸ ನಡೀತದೆ" ಅಂದರು.

೩. ಹತ್ತನೆಯ ಪಾಠ

ಮಾರ್ಚ್ ಬಂತು. ಒಂಬತ್ತು ಪಾಠ ತಯಾರು. ಹತ್ತನೆಯದು ಇದೇ ಕೆಂಪು ಶಾಯಿಯ ಪ್ರೊಫೆಸರರದು. ಅದನ್ನು ಹಿಡಿದ ಮರುದಿನವೇ ಹನ್ನೊಂದು ಗಂಟೆಗೆ ಕಮಿಟಿ.

ಅವರು ಸ್ಟುಡಿಯೋಗೆ ಬಂದು ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ನೋಡಿದರು. "ಎದುರಿಗೆ ಮಕ್ಕಳಿಲ್ಲದೆ ಯಾರಿಗೆ ಪಾಠ ಮಾಡಲಿ? ಈ ಡಬ್ಬಿಗಾ?"

ಓದಿಕೊಳ್ಳಲು ರಜೆ ಕೊಟ್ಟಿದ್ದರಿಂದ ಕ್ಯಾಂಪಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಕ್ಯಾಮೆರಾದ ಹಿಂದೆ ಎರಡು ಕುರ್ಚಿ ಹಾಕಿ ನಾನೂ ನಮ್ಮ ಅಟೆಂಡರೂ ವಿದ್ಯಾರ್ಥಿಗಳಾಗಿ ಕೂತೆವು. ಅಟೆಂಡರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿ. ಪಾಠ ಶುರುವಾದ ಐದೇ ನಿಮಿಷಕ್ಕೆ ಅವರು ತೂಕಡಿಸಿದರು. ಪ್ರೊಫೆಸರರಿಗೆ ಈಗ ನಿಜವಾದ ಕ್ಲಾಸು ಅನ್ನಿಸಿರಬೇಕು, ಹುರುಪು ಬಂತು.

ಅವರ ಪಾಠ ಇಂಗ್ಲಿಷಿನಲ್ಲಿ, ಬೈಗುಳ ಹಿಂದಿಯಲ್ಲಿ. ಇಪ್ಪತ್ತನೆಯ ನಿಮಿಷಕ್ಕೆ ತಟ್ಟನೆ ನಿಲ್ಲಿಸಿ ನನ್ನ ಕನ್ನಡಕದ ಕಡೆ ಬೆರಳು ತೋರಿಸಿದರು. "ಏ ಚಶ್ಮಾ, ಎದ್ದು ನಿಲ್ಲು. ಬೆಲೆ ಏರಿದಷ್ಟೂ ಕೆಲವರು ಹೆಚ್ಚು ಕೊಳ್ಳುತ್ತಾರೆ. ಯಾಕೆ?"

ಎದ್ದು ನಿಂತೆ. ಗೊತ್ತಿದ್ದರೆ ತಾನೆ ಹೇಳೋದು.

"ಗೊತ್ತಿಲ್ಲದಿದ್ದರೆ ಇಲ್ಲಿ ಯಾಕೆ ಕೂತಿದ್ದೀಯ? ಹೊರಗೆ ಹೋಗು."

ಹೋದೆ. ಬೇರೆ ದಾರಿ ಏನಿತ್ತು? ಪಾಠ ಮುಗಿಸಿ ಅವರು ಮಗಳ ಊರಿಗೆ ರೈಲು ಹತ್ತಿದರು. ಹತ್ತುವ ಮೊದಲು ಡೈರೆಕ್ಟರಿಗೆ ಕೆಂಪು ಶಾಯಿಯಲ್ಲಿ ಒಂದು ಚೀಟಿ ಕಳಿಸಿದ್ದರು: "ನನ್ನ ಅನುಮತಿಯಿಲ್ಲದೆ ಪಾಠದ ಒಂದು ಅಕ್ಷರವನ್ನೂ ಕತ್ತರಿಸಬಾರದು." ಬೈಗುಳ ಕತ್ತರಿಸೋಣ ಅಂತ ನಾನು ಎಷ್ಟು ಗೋಗರೆದರೂ ಮೇಡಂ ಒಪ್ಪಲಿಲ್ಲ.

ಮರುದಿನ ಕಿಟಕಿಗೆ ಪರದೆ ಎಳೆದು, ಕಮಿಟಿಯ ಮುಂದೆ ಆ ಪಾಠವನ್ನು ಇದ್ದ ಹಾಗೇ ಹಾಕಿದೆವು. ಇಪ್ಪತ್ತನೆಯ ನಿಮಿಷ ಹತ್ತಿರ ಬಂತು. ಕೆಲಸ ಹೋಯಿತು ಅಂತಲೇ ಲೆಕ್ಕ ಹಾಕಿದ್ದೆ. ಸ್ಕ್ರೀನಿನ ಮೇಲಿಂದ ಗದರಿಕೆ ಬಂತು: "ಏ ಚಶ್ಮಾ, ಎದ್ದು ನಿಲ್ಲು."

ಮುಂದಿನ ಸಾಲಿನಲ್ಲಿ ಕೂತಿದ್ದ ಕಮಿಟಿಯ ಅಧ್ಯಕ್ಷರು, ದಪ್ಪ ಕನ್ನಡಕದ ದೊಡ್ಡ ಅಧಿಕಾರಿ, ದಡಕ್ಕನೆ ಎದ್ದು ಕೈಕಟ್ಟಿ ನಿಂತುಬಿಟ್ಟರು. ಎಲ್ಲರೂ ಅವರನ್ನೇ ನೋಡಿದರು. ಅವರು ಮೆಲ್ಲಗೆ ಕೂತು, "ಕಾಲು ಜೋಮು ಹಿಡಿದಿತ್ತು" ಅಂದರು. ಆ ಗಡಿಬಿಡಿಯಲ್ಲಿ ಪಾಠದ ಮುಂದಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ನನ್ನ ಕಾಂಟ್ರ್ಯಾಕ್ಟಿನ ಕಾಗದ. ದನಿ ತಗ್ಗಿಸಿ ಕೇಳಿದರು: "ಆ ಪ್ರಶ್ನೆಗೆ ಉತ್ತರ ಏನಂತ ಹೇಳಿದರು? ನನಗೆ ಸರಿಯಾಗಿ ಕೇಳಿಸಲಿಲ್ಲ."

"ಗೊತ್ತಿಲ್ಲ ಸರ್. ಆ ಚಶ್ಮಾ ನಾನೇ. ಉತ್ತರ ಹೇಳುವಾಗ ನಾನು ಹೊರಗಿದ್ದೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಮೂವತ್ತು ವರ್ಷದ ಹಿಂದೆ ನಾನೂ ಹೊರಗೇ ಇದ್ದೆ" ಅಂತ ಹೇಳಿ ಸಹಿ ಹಾಕಿದರು.