ಮಟವಾಲ್ ದಂಪತಿ

ಆ ಭಾನುವಾರದ ಫಜೀತಿಗೆಲ್ಲ ಮೂಲ ಒಂದು ಗೇಣುದ್ದದ ಮೀನು.

ಬೆಳಿಗ್ಗೆ ಡಾಕ್ಟರ್ ಗಿಟ್ಟೆನ್ಸ್ ಎಂದಿನಂತೆ ಜಲಪಾತದ ಪಕ್ಕದ ಬಂಡೆ ಹತ್ತಿ ಮೇಲಿನ ಮಡುವಿಗೆ ಬಂದು, ಕನ್ನಡಕ ಒರೆಸಿಕೊಂಡು, ನೀರಿಗೆ ಕಾಲು ಇಳಿಬಿಟ್ಟರು. ದಿನವೂ ಓಡಿಬಂದು ಬೆರಳಿಗೆ ಕಚಗುಳಿ ಇಡುತ್ತಿದ್ದ ಗಪ್ಪಿ ಮೀನುಗಳು ಒಂದೂ ಬರಲಿಲ್ಲ. ಎಲ್ಲವೂ ದಡದ ಬೇರಿನ ಸಂದಿಯಲ್ಲಿ, ಹೆಡ್‌ಮಾಸ್ಟರು ಬಂದ ತರಗತಿಯ ಹಾಗೆ ತೆಪ್ಪಗೆ ನಿಂತಿದ್ದವು. ನಡುನೀರಿನಲ್ಲಿ ಉದ್ದ ಮೂತಿಯ ಮಟವಾಲ್ ಮೀನೊಂದು, ಮಾವನ ಮನೆಗೆ ಬಂದ ಹೊಸ ಅಳಿಯನ ಗತ್ತಿನಲ್ಲಿ ತೇಲುತ್ತಿತ್ತು.

ಡಾಕ್ಟರು ತಟ್ಟನೆ ಕಾಲು ಮೇಲೆಳೆದುಕೊಂಡರು.

ಟ್ರಿನಿಡಾಡಿನ ಆ ಹೊಳೆಯಲ್ಲಿ ಜಲಪಾತದ ಕೆಳಗೆಲ್ಲ ಗಪ್ಪಿಗಳನ್ನು ನುಂಗುವ ಮಟವಾಲ್‌ಗಳದೇ ರಾಜ್ಯ. ಅಲ್ಲಿನ ಗಪ್ಪಿಗಳು ಕಣ್ಣಿಗೆ ಬೀಳದಿರಲೆಂದು ಮಂಕು ಬಣ್ಣ ಉಟ್ಟು, ನಾಳೆ ಇರುತ್ತೇವೋ ಇಲ್ಲವೋ ಎಂದು ಎಳೆಯ ಪ್ರಾಯದಲ್ಲೇ ಜೋಡಿಯಾಗಿ, ಸಾಸಿವೆಯಂಥ ಮರಿಗಳನ್ನು ರಾಶಿ ಹಾಕುತ್ತಿದ್ದವು. ಮಟವಾಲ್‌ಗೆ ಜಲಪಾತ ಹತ್ತಲು ಬಾರದು. ಆರು ವರ್ಷದ ಹಿಂದೆ ಡಾಕ್ಟರು ಕೆಳಗಿನ ಒಂದಿಷ್ಟು ಗಪ್ಪಿಗಳನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಈ ಮಡುವಿಗೆ ಬಿಟ್ಟಿದ್ದರು. ಹೆದರಿಕೆಯೇ ಇಲ್ಲದಿದ್ದರೆ ಅವು ಹೇಗೆ ಬದಲಾಗುತ್ತವೆ ಎಂದು ನೋಡುವುದೇ ಅವರ ಸಂಶೋಧನೆ. ತಲೆಮಾರು ಕಳೆದಂತೆ ಗಂಡುಗಳ ಮೈಗೆ ಕಿತ್ತಳೆ, ನೀಲಿ ಏರಿತು. ಹೆಣ್ಣುಗಳು ಆತುರ ಬಿಟ್ಟು, ನಿಧಾನವಾಗಿ ಬಸಿರಾಗಿ, ಕೆಲವೇ ಮರಿ ಹಾಕಿದರೂ ದುಂಡುದುಂಡಾಗಿ ಹಾಕತೊಡಗಿದವು. ಕ್ರಿಸ್‌ಮಸ್ ಹೊತ್ತಿಗೆ ಕೊನೆಯ ಸಲ ಅಳೆದು ನೋಡಿದರೆ ಮುಗಿಯಿತು, ಪಟ್ಟಣದ ವಿಶ್ವವಿದ್ಯಾಲಯಕ್ಕೆ ವಾಪಸು.

ಈಗ ಈ ರಾಕ್ಷಸ! ಕತ್ತಲಾಗುವುದರೊಳಗೆ ಹಿಡಿಯದಿದ್ದರೆ ಗಪ್ಪಿಗಳ ಗತಿಯೇನು?

ಡಾಕ್ಟರು ಬಂಡೆ ಇಳಿದು ಓಡಿದರು. ಅವರು ಬಾಡಿಗೆಗಿದ್ದದ್ದು ಊರೆಲ್ಲ ಟಾಂಟಿ, ಅಂದರೆ ಅತ್ತೆ, ಎಂದು ಕರೆಯುವ ಇಸ್ಮೇ ಎಂಬ ವಿಧವೆಯ ಮನೆಯ ಕೆಳಗಿನ ಕೋಣೆಯಲ್ಲಿ. ಟಾಂಟಿ ಚರ್ಚಿಗೆ ಹೋಗಿದ್ದರು. ಪಕ್ಕದ ಮನೆಯ ಬಲ್‌ಗೋಬಿನ್ ಬಳಿ ಬೀಸುಬಲೆ ಇತ್ತು. ಬಲ್‌ಗೋಬಿನ್ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು, ಹಾರ್ನ್ ಕೆಟ್ಟರೂ ತೊಂದರೆಯಾಗದಂಥ ಗಂಟಲು ಅವನದು.

"ಬಲೆ ಬೇಕಿತ್ತು," ಎಂದು ಡಾಕ್ಟರು ಪಿಸುಗುಟ್ಟಿದರು. "ಮೇಲಿನ ಮಡುವಲ್ಲಿ ಮಟವಾಲ್ ಸೇರ್ಕೊಂಡಿದೆ. ದಯವಿಟ್ಟು ಯಾರಿಗೂ ಹೇಳ್ಬೇಡ."

"ಮೇಲಿನ ಮಡುವಲ್ಲಿ ಮಟವಾಲಾ?!" ಎಂದ ಬಲ್‌ಗೋಬಿನ್. ಗುಡ್ಡದಾಚೆ ನಾಯಿಗಳು ಬೊಗಳಿದವು. "ಚಿಂತೆ ಬಿಡಿ ಡಾಕ್ಟ್ರೇ. ನನ್ ಬಾಯಿಂದ ಒಂದ್ ಮಾತೂ ಆಚೆ ಹೋಗಲ್ಲ!"

ಅವರಿಬ್ಬರೂ ಮಡುವಿಗೆ ಬರುವಷ್ಟರಲ್ಲಿ ಅಲ್ಲಿ ಅರ್ಧ ಊರು ನೆರೆದಿತ್ತು. ಬಲ್‌ಗೋಬಿನ್ ಹೆಂಡತಿ ದುಲಾರಿ ಬಾತುಕೋಳಿ, ದೊಡ್ಡ ಪಾತ್ರೆ, ಮಸಾಲೆ ಸಮೇತ ಅಡ್ಡದಾರಿಯಲ್ಲಿ ಬಂದು ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು.

"ಮಿಸ್ ದುಲಾರಿ, ಇದು ಪಿಕ್ನಿಕ್ ಅಲ್ಲ," ಎಂದರು ಡಾಕ್ಟರು.

"ಹಸ್ಕೊಂಡು ಯಾರಾದ್ರೂ ಮೀನ್ ಹಿಡೀತಾರಾ? ನಿಮ್ ಕೆಲ್ಸ ನೀವ್ ನೋಡಿ, ನಂದು ನಾನ್ ನೋಡ್ತೀನಿ."

ಪೊಲೀಸ್ ಕೆಲಸದಿಂದ ನಿವೃತ್ತನಾದ ಕಾರ್ಪೊರಲ್ ಫಿಟ್ಜ್‌ರಾಯ್ ಹಳೆಯ ಸೀಟಿ ಕೊರಳಿಗೆ ಹಾಕಿಕೊಂಡು ಬಂದಿದ್ದ. ಯಾರೂ ಕೇಳದಿದ್ದರೂ ತನಿಖೆ ವಹಿಸಿಕೊಂಡ.

"ಆರೋಪಿಯನ್ನ ಕೊನೇ ಸಲ ನೋಡಿದ್ದೆಲ್ಲಿ?"

"ನೀರಲ್ಲಿ," ಎಂದರು ಡಾಕ್ಟರು.

"ಹೂಂ. ಏನ್ ಮಾಡ್ತಿತ್ತು?"

"ಈಜ್ತಿತ್ತು ಕಣಪ್ಪ!"

"ಸಿಟ್ಟಾಗ್ಬೇಡಿ. ಎಲ್ಲಾ ಕ್ರಮವಾಗಿ ಆಗ್ಬೇಕು."

ಬಲ್‌ಗೋಬಿನ್ ಬಲೆ ಬೀಸಿದ. ಅದು ಗಾಳಿಯಲ್ಲಿ ಚೆಂದವಾಗಿ ಅರಳಿ, ನೀರಲ್ಲಿ ನಿಂತಿದ್ದ ಡಾಕ್ಟರ ಮೇಲೆ ಬಿತ್ತು. ಎಳೆದಾಗ ಸಿಕ್ಕಿದ್ದು ಅವರ ಟೋಪಿ ಮತ್ತು ಕನ್ನಡಕ. ಎರಡನೆಯ ಸಲ ಬೀಸಿದಾಗ ಬಲೆ ನೀರೊಳಗಿನ ದಿಮ್ಮಿಗೆ ಸಿಕ್ಕಿ ಹರಿಯಿತು. ಫಿಟ್ಜ್‌ರಾಯ್ ಸೀಟಿ ಊದಿದಾಗಲೆಲ್ಲ ದಡದ ಮೇಲಿದ್ದವರೆಲ್ಲ ನೀರಿಗಿಳಿದು ಕದಡುತ್ತಿದ್ದರು. ಮಟವಾಲ್ ಮಾತ್ರ ಯಾವುದೋ ಕಲ್ಲಿನಡಿ ಹಾಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಬಲ್‌ಗೋಬಿನ್ ಗಾಳ ತೆಗೆದ. ಡಾಕ್ಟರು ಕನ್ನಡಕ ಒರೆಸಿ ಹಾಕಿಕೊಂಡು ನೋಡುತ್ತಾರೆ, ಗಾಳದ ತುದಿಯಲ್ಲಿ ಕಿತ್ತಳೆ ಬಾಲದ ಗಪ್ಪಿಯೊಂದು ಒದ್ದಾಡುತ್ತಿದೆ.

"ಅಯ್ಯೋ! ಅದು ನನ್ನ ಸಂಶೋಧನೆ!"

"ಇದ್ದಿದ್ರಲ್ಲಿ ಚೆನ್ನಾಗಿರೋದನ್ನೇ ಎರೆಗೆ ಆರಿಸ್ದೆ ಡಾಕ್ಟ್ರೇ. ಬಣ್ಣ ಕಂಡ್ರೆ ಮಟವಾಲ್ ಓಡಿ ಬರತ್ತೆ."

ಡಾಕ್ಟರು ಆರು ವರ್ಷದಿಂದ ಹೇಳಲು ಹೊರಟಿದ್ದ ಮಾತನ್ನೇ ಅವನು ಒಂದು ವಾಕ್ಯದಲ್ಲಿ ಹೇಳಿದ್ದ. ಅದನ್ನು ಮೆಚ್ಚುವ ಸ್ಥಿತಿಯಲ್ಲಿ ಡಾಕ್ಟರು ಇರಲಿಲ್ಲ. ಗಪ್ಪಿಯನ್ನು ಬಿಡಿಸಿ ಅಂಗೈಯಲ್ಲಿಟ್ಟು ನೀರಿಗೆ ಬಿಟ್ಟರು. ಅದು ಒಂದು ಗಳಿಗೆ ಬೆರಳ ಸಂದಿಯಲ್ಲೇ ಉಳಿದು, ಆಮೇಲೆ ಹೊರಟಿತು. ಡಾಕ್ಟರ ಕಣ್ಣು ತುಂಬಿತು. ಬಲ್‌ಗೋಬಿನ್ ಗಾಳ ಸುತ್ತಿಟ್ಟ.

ಕೊನೆಗೆ ಮಟವಾಲ್ ಸಿಕ್ಕಿದ್ದು ಯಾವ ಉಪಾಯದಿಂದಲೂ ಅಲ್ಲ. ಅಂಚಿನಲ್ಲಿ ಕೂತು ಬಾತುಕೋಳಿಯ ಕರುಳು ತೊಳೆಯುತ್ತಿದ್ದ ದುಲಾರಿಯ ಕೈಯಿಂದ ಒಂದು ತುಂಡು ಜಾರಿತು. ಅದರ ಹಿಂದೆಯೇ ಏನೋ ನುಗ್ಗಿ ಬಂತು. ದುಲಾರಿ ಅನ್ನಕ್ಕೆಂದು ತಂದಿದ್ದ ಖಾಲಿ ಪಾತ್ರೆ ಅಡ್ಡ ಹಿಡಿದು ಮೇಲೆತ್ತಿದಳು.

"ನೋಡಿ, ಇದೇನಾ ನೀವ್ ಹುಡುಕ್ತಿದ್ದಿದ್ದು?"

ದಡವೆಲ್ಲ ಕೇಕೆ ಹಾಕಿತು. ಫಿಟ್ಜ್‌ರಾಯ್ ಆರೋಪಿ ಸೆರೆಯಾದ ಸಂತೋಷಕ್ಕೆ ಉದ್ದನೆಯ ಸೀಟಿ ಊದಿದ. ಡಾಕ್ಟರು ಒದ್ದೆ ಬಟ್ಟೆಯಲ್ಲೇ ದುಲಾರಿಯ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ಬಲ್‌ಗೋಬಿನ್ ಎಲ್ಲರಿಗೂ ರಮ್ ಸುರಿದ.

ಅಷ್ಟರಲ್ಲಿ ಟಾಂಟಿ ಇಸ್ಮೇ, ಚರ್ಚಿಗೆಂದು ತೊಟ್ಟ ನೇರಳೆ ಟೋಪಿಯಲ್ಲೇ, ಏದುಸಿರು ಬಿಡುತ್ತ ಬಂಡೆ ಹತ್ತಿ ಬಂದರು. ಯಾರನ್ನೂ ಮಾತಾಡಿಸದೆ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಡಾಕ್ಟ್ರೇ, ಇದು ಗಂಡೋ ಹೆಣ್ಣೋ?"

"ಹೆಣ್ಣು ಟಾಂಟಿ. ಯಾಕೆ?"

"ಅಯ್ಯೋ ಪಾಪ. ಹಾಗಾದ್ರೆ ಅವನೊಬ್ಬನೇ ಉಳಿದ್ಬಿಟ್ಟ."

ಡಾಕ್ಟರು ಕೈಯಲ್ಲಿದ್ದ ರಮ್ ಕೆಳಗಿಟ್ಟರು.

"ಯಾರು ಟಾಂಟಿ, ಉಳಿದಿರೋನು?" ಡಾಕ್ಟರ ದನಿ ಸಣ್ಣಗಾಗಿತ್ತು.

"ಇವಳ ಗಂಡ. ಒಂಟಿಯಾಗಿ ಬಿಡೋಕೆ ಮನಸ್ಸಾಗಲಿಲ್ಲ. ಎರಡು ವಾರದ ಹಿಂದೆ ಈ ಮಡುವಿಗೆ ಜೋಡೀನೇ ಬಿಟ್ಟೆ." ಟಾಂಟಿ ಕೈಚೀಲದ ಹಿಡಿ ತಿರುಚಿದರು. "ಸಾರಿಗೆ ಬೇಕು ಅಂತ ಬಲ್‌ಗೋಬಿನ್ ಹತ್ರ ಜೀವಂತ ಎರಡು ತರಿಸ್ಕೊಂಡೆ."

ಬಲ್‌ಗೋಬಿನ್ ಆಕಾಶ ನೋಡತೊಡಗಿದ.

"ಯಾಕೆ ಟಾಂಟಿ? ನಾನ್ ನಿಮಗೇನ್ ಮಾಡಿದ್ದೆ?"

"ನೀವೇ ಅಂದ್ರಲ್ಲ, ಮೀನಿಗೆ ಯಾವ ತೊಂದ್ರೆನೂ ಇಲ್ಲ, ಕೆಲ್ಸ ಮುಗೀತು, ಕ್ರಿಸ್‌ಮಸ್‌ಗೆ ಹೊರಡ್ತೀನಿ ಅಂತ. ಸಣ್ಣದೊಂದು ತೊಂದ್ರೆ ಆದ್ರೆ ಇನ್ನೊಂದ್ ನಾಲ್ಕು ತಿಂಗ್ಳು ಇರ್ತೀರೇನೋ ಅಂದ್ಕೊಂಡೆ. ದಿನಾ ಎದ್ದು ಕೋಕೋ ಕಾಯಿಸ್ತೀನಿ. ನೀವ್ ಹೋದ್ಮೇಲೆ ಯಾರಿಗೆ ಕಾಯಿಸ್ಲಿ?"

ಡಾಕ್ಟರಿಗೆ ಬೈಗುಳ ನಾಲಿಗೆಯವರೆಗೆ ಬಂದಿತ್ತು. ಅದು ಅಲ್ಲೇ ನಿಂತಿತು.

"ಅಲ್ನೋಡಿ!" ಎಂದಳು ದುಲಾರಿ.

ಕದಡು ಇಳಿದ ನೀರಿನಲ್ಲಿ, ಕಲ್ಲಿನಡಿಯಿಂದ ಇನ್ನೊಂದು ಮಟವಾಲ್ ಹೊರಗೆ ಬಂದಿತ್ತು. ಅದರ ಸುತ್ತ ಹೊಗೆಯಂತೆ ನೂರಾರು ಸಣ್ಣ ಮರಿಗಳು. ಅದು ಅತ್ತ ಇತ್ತ ತಿರುಗಿ ಹೆಂಡತಿಯನ್ನು ಹುಡುಕುತ್ತಿತ್ತು.

"ಮಕ್ಕಳೂ ಆಗಿವೆ!" ಟಾಂಟಿಯ ಮುಖ ಅರಳಿತು. ಮರುಕ್ಷಣವೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಇಷ್ಟು ದಿನ ಗಂಡಹೆಂಡಿರಿಬ್ಬರೂ ಕಲ್ಲಿನಡಿ ಅಡಗಿ ಮೊಟ್ಟೆ ಕಾಯುತ್ತಿದ್ದರೆಂದೂ ಮಡು ಕೈಬಿಟ್ಟುಹೋಯಿತೆಂದೂ ಡಾಕ್ಟರಿಗೆ ಅರ್ಥವಾಯಿತು. ಅಷ್ಟು ಮರಿಗಳನ್ನು ಯಾವ ಬಲೆಯೂ ಬಾಚಲಾರದು. ಬೇರಿನ ಸಂದಿಯ ಗಪ್ಪಿಗಳನ್ನು ಬೇಗ ಬೇಗ ಹಿಡಿದು, ಇನ್ನೊಂದು ಜಲಪಾತ ಹತ್ತಿ, ಅದಕ್ಕೂ ಮೇಲಿನ ಮಡುವಿಗೆ ಒಯ್ಯಬೇಕು. ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕು. ಅವರು ಪಾತ್ರೆ ನೋಡಿದರು, ನೀರು ನೋಡಿದರು. ಆಮೇಲೆ ಪಾತ್ರೆಯನ್ನೆತ್ತಿಕೊಂಡು ಮಂಡಿಯುದ್ದ ನೀರಿಗೆ ಹೋಗಿ ಮೆಲ್ಲಗೆ ಬಗ್ಗಿಸಿದರು.

"ಡಾಕ್ಟ್ರೇ!" ಫಿಟ್ಜ್‌ರಾಯ್ ಚೀರಿದ. "ದಿನಪೂರ್ತಿ ಒದ್ದಾಡಿ ಹಿಡ್ದಿದ್ದು!"

"ಸುಮ್ನಿರಯ್ಯ, ಅವಳಿಗೆ ಸಂಸಾರ ಇದೆ," ಎಂದಳು ದುಲಾರಿ, ಬಾಳೆಯೆಲೆಗೆ ಬಾತುಕೋಳಿ ಬಡಿಸುತ್ತ.

ಡಾಕ್ಟರು ಬಂದು ಟಾಂಟಿಯ ಪಕ್ಕ ಬಂಡೆಯ ಮೇಲೆ ಕೂತರು. ಬಟ್ಟೆಯಿಂದ ನೀರು ಇಳಿಯುತ್ತಿತ್ತು. "ಉಳಿದ ಗಪ್ಪಿಗಳನ್ನ ಇದಕ್ಕೂ ಮೇಲಿನ ಮಡುವಿಗೆ ಒಯ್ದು ಮೊದಲಿಂದ ಶುರು ಮಾಡ್ಬೇಕು," ಎಂದರು.

"ಆ ಮೇಲಿನ ಮಡು ತುಂಬಾ ದೂರಾನಾ?" ಟಾಂಟಿ ಮೆಲ್ಲಗೆ ಕೇಳಿದರು.

"ದೂರಾನೇ. ಬೆಳಕು ಹರಿಯೋಕೆ ಮುಂಚೆ ಹೊರಡ್ಬೇಕು." ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾಳೆಯಿಂದ ಕೋಕೋ ಸ್ವಲ್ಪ ಬೇಗ ಕಾಯಿಸಿ, ಟಾಂಟಿ."